ಮೂವತ್ತಕ್ಕೆ ಇಳಿದ ಪರದೆ

ಪತ್ರ ಮೇಲಕ್ಕೆ ಸರಿಯುವಾಗ ಎಡವಿತು.

ಭಾಷಾಂತರದ ಮೇಷ್ಟ್ರ ಕೋಣೆಯಲ್ಲಿ, ಗೋಡೆಯ ಅರ್ಧ ಭಾಗ ನುಂಗಿದ್ದ ಆ ದೊಡ್ಡ ಟೀವಿಯ ಮುಂದೆ ಕೂತು ಇನ್ಸ್‌ಪೆಕ್ಟರ್ ಮೌಸಿನ ಚಕ್ರ ತಿರುಗಿಸುತ್ತಿದ್ದರು. ಅವರ ಹಿಂದೆ ಸಾಮಾನಿನ ಚೀಲ ಹಿಡಿದು ನಿಂತ ಟೀವಿಯಕ್ಕ ಅಕ್ಷರ ಓದಲಿಲ್ಲ. ಬೇರೆಯವರ ಪತ್ರಕ್ಕೆ ಕಣ್ಣು ಹಾಕಬಾರದು ಅನ್ನುವಷ್ಟು ಮರ್ಯಾದೆ ಅವಳಿಗಿತ್ತು. ಆದರೆ ಇಪ್ಪತ್ತೆರಡು ವರ್ಷ ಟೀವಿ ರಿಪೇರಿಯಲ್ಲಿ ಪಳಗಿದ ಕಣ್ಣು ಅದು. ಚಿತ್ರದಲ್ಲಿ ಏನಿದೆ ಅಂತ ನೋಡುವ ಮೊದಲು ಚಿತ್ರ ಹೇಗಿದೆ ಅಂತ ನೋಡುತ್ತದೆ.

ಸಾಲುಗಳು ಹರಿಯುತ್ತಿರಲಿಲ್ಲ, ಕುಂಟುತ್ತಿದ್ದವು. ಮೌಸಿನ ಬಾಣ ಕೈಗಿಂತ ಒಂದು ಹೆಜ್ಜೆ ಹಿಂದೆ ಬಿದ್ದು, ಒಲ್ಲದ ಕರುವಿನ ಹಾಗೆ ಎಳೆಸಿಕೊಂಡು ಬರುತ್ತಿತ್ತು.

"ಥತ್, ಇದನ್ನ ಯಾಕೆ ಇಲ್ಲಿಗೆ ಕಳಿಸಿದ್ರು!" ಇನ್ಸ್‌ಪೆಕ್ಟರ್ ಇದ್ದಕ್ಕಿದ್ದಂತೆ ಕುರ್ಚಿಯಲ್ಲೇ ತಿರುಗಿದರು. "ನೀನು ಓದಿದ್ಯೇನಮ್ಮಾ?"

"ಇಲ್ಲ ಸಾರ್."

"ಒಳ್ಳೇದಾಯ್ತು. ಸಾಕ್ಷಿ ಈಗ ಇರೋ ಜಾಗದ ವಿಳಾಸ ಇದು. ಸೋಮವಾರ ಹೇಳಿಕೆ ತಗೊಳ್ಳೋಕೆ ಮೇಷ್ಟ್ರು ಬರ್ಬೇಕು ಅಂತ ಕೋರ್ಟಿನ ಗುಮಾಸ್ತ ಕಳಿಸಿದಾನೆ. ಮೇಷ್ಟ್ರು ಆಸ್ಪತ್ರೆ ಸೇರಿದ್ದು, ಅವರ ಮೇಲೆ ಅನುಮಾನ ಬಂದಿದ್ದು ಎರಡೂ ಅವನಿಗೆ ಗೊತ್ತೇ ಇಲ್ಲ. ನಮ್ಮ ವರದಿ ಇನ್ನೂ ಹೋಗಿಲ್ಲ ನೋಡು."

ಅಂದವರೇ ಆ ಪತ್ರವನ್ನು ಅಳಿಸಿಬಿಟ್ಟರು.

ಮಂಗಳವಾರ ಮಧ್ಯಾಹ್ನ ಭಾಷಾಂತರದ ಮೇಷ್ಟ್ರು ಇದೇ ಕಟ್ಟಡದ ಮೆಟ್ಟಿಲಿನಿಂದ ಉರುಳಿ ಪ್ರಜ್ಞೆ ತಪ್ಪಿದ್ದರು. ಅದೇ ಸಂಜೆ, ಅವರು ಯಾರ ಹೇಳಿಕೆಯನ್ನು ಕೋರ್ಟಿಗಾಗಿ ಭಾಷಾಂತರ ಮಾಡುತ್ತಿದ್ದರೋ ಆ ಹೆಂಗಸು ಅಡಗಿದ್ದ ಮನೆಗೆ ಇಬ್ಬರು ನುಗ್ಗಿದ್ದರು. ಕೇಸು ಗೋದಾಮೊಂದಕ್ಕೆ ಬೆಂಕಿ ಇಟ್ಟದ್ದು; ಇಟ್ಟವನ ಮುಖ ನೋಡಿದ್ದವಳು ಅವಳೊಬ್ಬಳೇ. ಬಚ್ಚಲ ಕಿಟಕಿಯಿಂದ ಹಾರಿ ಹೇಗೋ ಜೀವ ಉಳಿಸಿಕೊಂಡಿದ್ದಳು. ಆ ವಿಳಾಸ ಕೋರ್ಟು ಬಿಟ್ಟರೆ ಗೊತ್ತಿದ್ದದ್ದು ಮೇಷ್ಟ್ರಿಗೆ ಮಾತ್ರ. ಹಾಗಾಗಿ ಬಾಯಿ ಬಿಡಲಾಗದೆ ಮಲಗಿದ್ದ ಮನುಷ್ಯನ ತಲೆಗೇ ಎಲ್ಲರೂ ಅಪವಾದ ಕಟ್ಟಿದ್ದರು.

"ಬೇಗ ವೈರೆಲ್ಲ ಬಿಚ್ಚು. ಟೀವಿ, ಕಂಪ್ಯೂಟರು ಎರಡೂ ಜೀಪಿಗೆ ಹೋಗ್ಬೇಕು."

"ಸಾರ್, ಒಂದು ನಿಮಿಷ. ಇದು ಎಳೀತಾ ಇದೆ."

"ಏನು ಎಳೀತಾ ಇದೆ?"

"ಚಿತ್ರ. ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಬೀಳ್ಬೇಕು. ಈಗ ಮೂವತ್ತೇ ಸಲ ಬೀಳ್ತಿದೆ ಅಂತ ಕಾಣುತ್ತೆ."

"ಅರವತ್ತಾದ್ರೇನು, ಮೂವತ್ತಾದ್ರೇನು? ಕಾಣ್ತಿದೆಯಲ್ಲ!"

"ಸಿನಿಮಾ ನೋಡೋಕೆ ಸಾಕು ಸಾರ್. ದಿನವಿಡೀ ಓದಿ ಬರೆಯೋರಿಗೆ ತಲೆ ಸಿಡಿದು ಹೋಗುತ್ತೆ."

ಅದು ಅವಳಿಗೆ ಬೇರೆಯವರು ಹೇಳಿ ಗೊತ್ತಾದದ್ದಲ್ಲ. ಮೂರು ವಾರದ ಹಿಂದೆ ಒಂದು ಇಡೀ ಮಧ್ಯಾಹ್ನ ಅವಳು ಇದೇ ಕೋಣೆಯಲ್ಲಿ ಒದ್ದಾಡಿದ್ದಳು. ಮೇಷ್ಟ್ರ ಒಂದು ಕಣ್ಣು ಪೂರ್ತಿ ಮಂಜಾಗಿತ್ತು, ಇನ್ನೊಂದು ಅದರ ಹಾದಿಯನ್ನೇ ಹಿಡಿದಿತ್ತು. ಕಂಪ್ಯೂಟರಿನ ಚಿಕ್ಕ ಪರದೆಯಲ್ಲಿ ಅಕ್ಷರ ಕಾಣದೆ ಅವರು ಟೀವಿ ತರಿಸಿ, ಮೇಜಿನ ಡ್ರಾಯರಿನಲ್ಲಿದ್ದ ಹಳೇ ಕೇಬಲ್ಲಿನಿಂದ ತಾವೇ ಜೋಡಿಸಿಕೊಂಡಿದ್ದರು. ಎರಡೇ ದಿನಕ್ಕೆ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. "ಅಕ್ಷರ ಎಲ್ಲಾ ಕುಡಿದವರ ಹಾಗೆ ತೂರಾಡ್ತಾವೆ ಕಣಮ್ಮ."

ಮೊದಲು ಅವಳು ಕೇಬಲ್ ಬದಲಿಸಿದಳು. ಹಳೇ ಕೇಬಲ್ ಅಂದರೆ ಓಣಿ ಇದ್ದ ಹಾಗೆ. ಅಷ್ಟು ದೊಡ್ಡ ಚಿತ್ರ ಅದರಲ್ಲಿ ನುಗ್ಗಬೇಕಾದರೆ ನಿಧಾನಕ್ಕೇ ಹೋಗಬೇಕು. ಹೊಸದು, ದಪ್ಪನೆಯದು ಹಾಕಿದರೂ ಮೂವತ್ತು. ಟೀವಿಯ ಮೂರು ಪೋರ್ಟುಗಳಲ್ಲಿ ಒಂದು ಮಾತ್ರ ಪೂರ್ತಿ ವೇಗ ತಾಳುತ್ತಿತ್ತು; ಹುಡುಕಿ ಅದಕ್ಕೇ ಸಿಕ್ಕಿಸಿದಳು. ಆಗಲೂ ಮೂವತ್ತು! ಕೊನೆಗೆ ಟೀವಿಯ ಸೆಟ್ಟಿಂಗಿನ ತಳದಲ್ಲೆಲ್ಲೋ, ಆ ಪೋರ್ಟಿಗೆ ಸಿಗ್ನಲ್ ಪೂರ್ತಿ ಬಿಡಬೇಕೋ ಬೇಡವೋ ಅಂತ ಕೇಳುವ ಒಂದು ಸಾಲು ಸಿಕ್ಕಿತು. 'ಬಿಡು' ಅಂದಳು. ಆಗ ಕಂಪ್ಯೂಟರಿನ ವೇಗದ ಪಟ್ಟಿಯಲ್ಲಿ ಅರವತ್ತು ಬಂದು ಕೂತಿತು. ಮೇಷ್ಟ್ರು ಪುಟ ಸರಿಸಿ ನೋಡಿ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದ್ದರು.

"ವೈರು ಸಡಿಲ ಆಗಿರ್ಬೇಕು ಬಿಡು," ಅಂದರು ಇನ್ಸ್‌ಪೆಕ್ಟರ್.

"ಸಡಿಲ ಆದ್ರೆ ಚಿತ್ರ ಹೊಡಕೊಳ್ಳುತ್ತೆ, ಇಲ್ಲ ಹೋಗೇ ಬಿಡುತ್ತೆ ಸಾರ್. ಅಳತೆ ಇಟ್ಟ ಹಾಗೆ ಅರ್ಧಕ್ಕೆ ಇಳಿಯಲ್ಲ."

ಅವರ ಭುಜದ ಪಕ್ಕದಿಂದ ಕೈ ಚಾಚಿ ಅವಳು ಕಂಪ್ಯೂಟರಿನ ಪಟ್ಟಿ ತೆರೆದಳು. ಮೂವತ್ತು, ಇಪ್ಪತ್ತೈದು, ಇಪ್ಪತ್ನಾಲ್ಕು. ಅರವತ್ತು ಪಟ್ಟಿಯಲ್ಲೇ ಇರಲಿಲ್ಲ. ರಿಮೋಟ್ ತೆಗೆದು ಟೀವಿಯ ಸೆಟ್ಟಿಂಗ್ ನೋಡಿದಳು. ಅವಳು ಇಟ್ಟದ್ದು ಇಟ್ಟ ಹಾಗೇ ಇತ್ತು. ಆ ತುದಿ ಸರಿ. ಈ ತುದಿಯೂ ಸರಿ. ಹಾಗಾದರೆ ನಡುವೆ ಇರುವ ಯಾವುದೋ ಒಂದು 'ಇಷ್ಟು ನನ್ನ ಕೈಲಾಗಲ್ಲ' ಅನ್ನುತ್ತಿದೆ.

ನಡುವೆ ಇದ್ದದ್ದು ಅವಳೇ ತಂದು ಹಾಕಿದ ಒಂದು ಕೇಬಲ್. ಅಷ್ಟೇ ಇರಬೇಕಿತ್ತು.

ಟೀವಿಯನ್ನು ಗೋಡೆಯ ಚೌಕಟ್ಟಿನಿಂದ ಒಂದು ಗೇಣು ಮುಂದಕ್ಕೆ ಎಳೆದು, ಟಾರ್ಚು ಹಲ್ಲಿನಲ್ಲಿ ಕಚ್ಚಿಕೊಂಡು ಅವಳು ಹಿಂದಕ್ಕೆ ತಲೆ ತೂರಿಸಿದಳು. ಎಲ್ಲಾ ಕಡೆ ತೆಳ್ಳಗೆ ಧೂಳು. ಒಂದು ಕಡೆ ಮಾತ್ರ ಬೆರಳು ಆಡಿದ ಗುರುತು.

ಅವಳ ದಪ್ಪ ಕೇಬಲ್ ಟೀವಿಗೆ ಹೋಗಿರಲಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡಬ್ಬಿಗೆ ಹೋಗಿತ್ತು. ಡಬ್ಬಿಯಿಂದ ಗೇಣುದ್ದದ ಬೇರೊಂದು ವೈರು ಟೀವಿಗೆ. ಮೈ ಮೇಲೆ ಹೆಸರಿಲ್ಲ, ಗುರುತಿಲ್ಲ. ಸೂಜಿಮೊನೆಯಷ್ಟು ಹಸಿರು ದೀಪ ಉರಿಯುತ್ತಿತ್ತು. ಮುಟ್ಟಿದಳು.

ಬಿಸಿ ಇತ್ತು.

ಅವಳ ಬಾಯಿಂದ ಟಾರ್ಚು ಜಾರಿ ಬಿತ್ತು. ಇಂಥದ್ದನ್ನು ಅವಳು ಸಭಾಂಗಣಗಳಲ್ಲಿ ಎಷ್ಟೋ ಸಲ ಹಾಕಿಕೊಟ್ಟಿದ್ದಳು. ವೇದಿಕೆಯ ಕಂಪ್ಯೂಟರಿನಲ್ಲಿ ಕಂಡದ್ದನ್ನೇ ವೈರಿಲ್ಲದೆ ಹಿಂದಿನ ಸಾಲಿನ ಟೀವಿಗೂ ಕಳಿಸುವ ಡಬ್ಬಿ. ಅಗ್ಗದ್ದಾದರೆ ಇಷ್ಟು ದೊಡ್ಡ ಚಿತ್ರಕ್ಕೆ ಮೂವತ್ತರ ಮೇಲೆ ತಾಕತ್ತು ಇರುವುದಿಲ್ಲ.

ಮಾತಾಡಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಕಣ್ಣಿರುವ ಡಬ್ಬಿಗೆ ಕಿವಿ ಇಲ್ಲ ಅಂತ ಯಾರು ಬಲ್ಲರು? ಜೇಬಿನಿಂದ ಚೀಟಿ ತೆಗೆದು ಬರೆದು ಇನ್ಸ್‌ಪೆಕ್ಟರ್ ಮುಂದೆ ಹಿಡಿದಳು. ಅಕ್ಷರ ಕೋಳಿ ಕೆದರಿದ ಹಾಗಿತ್ತು.

'ಪರದೆ ಮೇಲಿನದೆಲ್ಲ ಇನ್ನೊಂದು ಟೀವಿಗೆ ಹೋಗ್ತಿದೆ. ಹತ್ತಿರದಲ್ಲೇ. ಒಂದೆರಡು ಗೋಡೆ ಆಚೆ.'

ಅವರು ಪೆನ್ನು ಕಿತ್ತುಕೊಂಡು ಬರೆದರು: 'ಈಗಲೂ?'

'ಈಗಲೂ.'

ಬರೆದ ಮೇಲೆ ಅವಳಿಗೆ ಹೊಳೆಯಿತು. ಆ ವಿಳಾಸ! ಎರಡು ನಿಮಿಷ, ಗೋಡೆಯ ಅರ್ಧದಷ್ಟು ದೊಡ್ಡ ಅಕ್ಷರಗಳಲ್ಲಿ, ಈಗಷ್ಟೇ ಈ ಪರದೆಯ ಮೇಲೆ ನಿಂತಿತ್ತು.

ಇನ್ಸ್‌ಪೆಕ್ಟರ್ ಮುಖದಲ್ಲಿ ಗಾಬರಿ ಕಾಣಲಿಲ್ಲ. ಊಟಕ್ಕೆ ಕೂತಾಗ ಯಾರೋ ಬಾಗಿಲು ತಟ್ಟಿದರೆ ಆಗುವಂಥ ಬೇಸರ ಕಂಡಿತು. ದೊಡ್ಡವರು, ಇಂಥದ್ದೆಷ್ಟು ನೋಡಿದಾರೋ ಅಂದುಕೊಂಡಳು.

ಅವರು ಅವಳನ್ನು ಬಾಗಿಲ ಹತ್ತಿರ ಕರೆದು ಪಿಸುಗುಟ್ಟಿದರು. "ಡಬ್ಬಿ ಕೀಳಬೇಡ. ಕಿತ್ತರೆ ನೋಡ್ತಿರೋನಿಗೆ ಗೊತ್ತಾಗುತ್ತೆ. ಸುಮ್ನೆ ಕೂತು ಮೌಸ್ ಆಡಿಸ್ತಾ ಇರು, ಏನೂ ಆಗಿಲ್ಲ ಅನ್ನೋ ಹಾಗೆ. ಆಕೆಯನ್ನ ಬೇರೆ ಕಡೆ ಸಾಗಿಸೋಕೆ ನಾನು ಹೊರಗೆ ಹೋಗಿ ಫೋನ್ ಮಾಡ್ತೀನಿ. ನಿನ್ನ ಫೋನ್ ಕೊಡು, ನನ್ನದರಲ್ಲಿ ಚಾರ್ಜಿಲ್ಲ."

ಕೊಟ್ಟಳು.

"ನಾನು ಬರೋ ತನಕ ಈ ಕೋಣೆ ಬಿಟ್ಟು ಕದಲಬೇಡ."

ಬಾಗಿಲು ಮುಚ್ಚಿತು. ಟೀವಿಯಕ್ಕ ಮೇಷ್ಟ್ರ ಕುರ್ಚಿಯಲ್ಲಿ ಕೂತು ಮೌಸ್ ಹಿಡಿದಳು.

ಬಾಣ ಅಲ್ಲಾಡಿತು. ಅದನ್ನು ಯಾರೋ ನೋಡಿದರು.

ಒಂದು ಫೋಲ್ಡರ್ ತೆರೆದಳು. ಅದನ್ನೂ ನೋಡಿದರು. ಮುಚ್ಚಿದಳು, ಅದನ್ನೂ. ಕತ್ತಿನ ಹಿಂದೆ ಯಾರದೋ ಬಿಸಿ ಉಸಿರು ಬಡಿದಂತಾಗಿ ತಿರುಗಿ ನೋಡಿದಳು. ಪುಸ್ತಕದ ಕಪಾಟು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ತನ್ನ ಬೆರಳಿನ ನಡುಕ ಬಾಣದಲ್ಲಿ ಕಾಣುತ್ತಿದೆಯೋ ಏನೋ ಅನ್ನಿಸಿ ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದಳು. ಕಣ್ಣಿಗೆ ಕಾಣುವ ಕಳ್ಳನಿಗೆ ಅವಳು ಹೆದರುವವಳಲ್ಲ; ಒಮ್ಮೆ ಅಂಗಡಿಗೆ ನುಗ್ಗಿದವನನ್ನು ಟೀವಿ ಸ್ಟ್ಯಾಂಡಿನಲ್ಲೇ ಬಾರಿಸಿ ಓಡಿಸಿದ್ದಳು. ಇವನು ಕಾಣುವುದಿಲ್ಲವಲ್ಲ!

ಕಾಣುವ ಹಾಗೆ ಮಾಡಿದರೆ?

ಅವಳು ಕಿಟಕಿಯ ಕಡೆ ನೋಡಿದಳು. ಕಟ್ಟಡದ ನಡುವೆ ಬಾವಿಯಂಥ ಒಳಅಂಗಳ. ಸುತ್ತಲೂ ನಾಲ್ಕು ಕಡೆ ಮೂರು ಮಹಡಿಯ ಕಿಟಕಿಗಳು. ಸಂಜೆ ಐದಾಗಿರಲಿಲ್ಲ, ಆದರೂ ಮೋಡ ಕವಿದು ಅಂಗಳದ ತುಂಬ ಬೂದಿ ಬಣ್ಣದ ಕತ್ತಲು. ಡಬ್ಬಿಯ ಚಿತ್ರ ಮುಟ್ಟುವುದೇ ಒಂದೆರಡು ಗೋಡೆ ಆಚೆಗೆ. ಆ ಇನ್ನೊಂದು ಟೀವಿ ಈ ಕಿಟಕಿಗಳಲ್ಲಿ ಯಾವುದೋ ಒಂದರ ಹಿಂದೆ ಇರಲೇಬೇಕು.

ಮೌಸಿಗೆ ವೈರಿರಲಿಲ್ಲ. ಅವಳು ಒಂದು ಖಾಲಿ ಬಿಳಿ ಹಾಳೆ ತೆರೆದು ಪರದೆ ತುಂಬಿಸಿದಳು. ಪಕ್ಕಕ್ಕೆ ಒಂದು ಕರಿ ಹಾಳೆ ಇಟ್ಟುಕೊಂಡಳು. ಕಾಗದ ಹುಡುಕುವವಳ ಹಾಗೆ ಒಂದಾದ ಮೇಲೊಂದು ಬದಲಿಸುತ್ತಾ, ಮೌಸನ್ನು ಪುಸ್ತಕದ ಬೆನ್ನಿನ ಮೇಲೆ ಒತ್ತಿಕೊಂಡು ಕಿಟಕಿಯತ್ತ ನಾಲ್ಕು ಹೆಜ್ಜೆ ಇಟ್ಟಳು.

ಬಿಳಿ.

ಕಪ್ಪು.

ಎಲ್ಲಾ ಕಿಟಕಿಗಳೂ ಸತ್ತಂತಿದ್ದವು.

ಬಿಳಿ.

ಎದುರು ಮಗ್ಗುಲಿನ ಮೂರನೇ ಮಹಡಿಯಲ್ಲಿ, ಒಂದು ನೀಲಿ ಪರದೆಬಟ್ಟೆ ಮಂಕಾಗಿ ಬೆಳಗಿತು. ರೆಪ್ಪೆ ಬಡಿಯುವಷ್ಟು ತಡವಾಗಿ. ಕಪ್ಪು ಒತ್ತಿದಳು. ರೆಪ್ಪೆ ಬಡಿಯುವಷ್ಟು ತಡವಾಗಿ ಆರಿತು.

ಮತ್ತೆ ಬಿಳಿ. ಮತ್ತೆ ಬೆಳಕು.

"ಅದು ನನ್ನ ತಮ್ಮನ ರೂಮು," ಅಂತ ಹಿಂದಿನಿಂದ ಯಾರೋ ಅಂದರು.

ಅವಳು ಕಿರುಚದಿದ್ದದ್ದೇ ಹೆಚ್ಚು. ಅಡುಗೆಮನೆಯ ಕಡೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನೀರಿನ ಲೋಟ ಹಿಡಿದು ನಿಂತಿದ್ದರು. ಕಟ್ಟಡದವರೆಲ್ಲ ಅವರನ್ನು ಮೇಷ್ಟ್ರಮ್ಮ ಅಂತಲೇ ಕರೆಯುವುದು. ಮೂರು ದಿನದಿಂದ ನಿದ್ದೆ ಕಾಣದ ಮುಖ. ಲೋಟದ ನೀರು ತುಳುಕಿ ಸೀರೆಯ ಮೇಲೆ ಬೀಳುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಅಮ್ಮಾ, ನಾನೇನು ಹುಡುಕ್ತಿದೀನಿ ಅಂತ ನಿಮಗೆ ಹೇಗೆ ಗೊತ್ತು?"

ಟೀವಿಯಕ್ಕ ಚೀಲದಿಂದ ದೊಡ್ಡ ಸ್ಕ್ರೂಡ್ರೈವರ್ ತೆಗೆದು ಕೈಯಲ್ಲಿ ಹಿಡಿದಳು. ಯಾಕೆ ಹಿಡಿದಳೋ ಅವಳಿಗೇ ಗೊತ್ತಿರಲಿಲ್ಲ.

"ಟೀವಿ ಹಿಂದೆ ಒಂದು ಡಬ್ಬಿ ಇದೆ. ಅದು ನಿಮಗೆ ಗೊತ್ತಿದೆ. ಹೌದೋ ಅಲ್ವೋ?"

"ಮೆಲ್ಲಗೆ ಮಾತಾಡು ತಾಯೀ."

"ಡಬ್ಬಿ ಕೇಳಿಸಿಕೊಳ್ಳುತ್ತೇನು?"

"ಇಲ್ಲ. ಚಿತ್ರ ಮಾತ್ರ. ಮಾತು ಬರಲ್ಲ." ಅಂದವರು ತಾವೇ ತಮ್ಮ ಬಾಯಿ ಮುಚ್ಚಿಕೊಂಡರು.



"ನೀವೇ ಹಾಕಿಸಿದ್ದಾ?" ಟೀವಿಯಕ್ಕ ಒಂದು ಹೆಜ್ಜೆ ಮುಂದಿಟ್ಟಳು. "ನಿಮ್ಮ ಗಂಡನ ಬೆನ್ನ ಹಿಂದೆ? ಅವರು ಆಸ್ಪತ್ರೇಲಿ ಬಿದ್ದಿದಾರೆ, ಊರೆಲ್ಲ ಕಳ್ಳ ಅಂತಿದೆ, ನೀವು ಬಾಯಿ ಮುಚ್ಚಿಕೊಂಡು ನೀರು ತಂದು ಕೊಡ್ತಿದೀರಾ?"

ಮೇಷ್ಟ್ರಮ್ಮ ಲೋಟ ಮೇಜಿನ ಮೇಲಿಟ್ಟರು. ಸೆರಗಿನ ಮರೆಯಿಂದ ಕರವಸ್ತ್ರದಲ್ಲಿ ಸುತ್ತಿದ ಏನನ್ನೋ ತೆಗೆದು ಪಕ್ಕದಲ್ಲಿಟ್ಟರು. ಬಿಚ್ಚಿದರೆ ಟೀವಿಯ ಹಿಂದಿದ್ದದ್ದರ ಅವಳಿಯಂಥ ಇನ್ನೊಂದು ಕಪ್ಪು ಡಬ್ಬಿ; ಚಿತ್ರವನ್ನು ಹಿಡಿಯುವಂಥದ್ದು.

"ಮಂಗಳವಾರದಿಂದ ಬಟ್ಟೆ ಪೆಟ್ಟಿಗೆ ತಳದಲ್ಲಿಟ್ಟಿದ್ದೆ. ಇವತ್ತು ನಿನ್ನ ಕೈಗೆ ಕೊಡೋಣ ಅಂತಲೇ ಹಟ ಮಾಡಿ ನಿನ್ನನ್ನೇ ಕರೆಸಿದ್ದು. ಇನ್ಸ್‌ಪೆಕ್ಟರಿಗೆ ನೀನು ಬರೋದು ಬೇಡವಾಗಿತ್ತು. ವೈರು ಕೀಳೋಕೆ ನಮ್ಮ ಪೇದೆ ಸಾಕು ಅಂದ್ರು."

"ಯಾಕಮ್ಮಾ ಹೀಗೆ ಮಾಡಿದ್ರಿ?"

"ನಮ್ಮವರಿಗೆ ಕಣ್ಣು ಕಾಣಲ್ಲ." ಮೇಷ್ಟ್ರಮ್ಮ ಟೀವಿಯ ಕಡೆ ಕೈ ತೋರಿದರು. "ಅವರು ಒಪ್ಪಲ್ಲ. ದೊಡ್ಡ ಟೀವಿ ಬಂತು, ಅರವತ್ತು ಬಂತು, ಇನ್ನೇನು ಅಂತಾರೆ. ನಾನು ಮೂವತ್ತು ವರ್ಷ ಅಚ್ಚುಮನೇಲಿ ಕರಡು ತಿದ್ದಿದವಳು ಕಣೇ. ಹೋದ ತಿಂಗಳು ಅವರು ಬರೆದು ಬಿಸಾಕಿದ್ದ ಹಾಳೆ ನೋಡಿದೆ. 'ಅವನು ಬಾಗಿಲು ತೆಗೆಯಲಿಲ್ಲ' ಅಂತ ಇರ್ಬೇಕಾದ ಕಡೆ 'ತೆಗೆದ' ಅಂತ ಇತ್ತು. ಒಂದು 'ಇಲ್ಲ' ಬಿಟ್ಟು ಹೋದ್ರೆ ಕೋರ್ಟಿನಲ್ಲಿ ಏನಾಗುತ್ತೆ ಹೇಳು? ಯಾರನ್ನೋ ಒಳಗೆ ಹಾಕ್ತಾರೆ, ಯಾರನ್ನೋ ಬಿಡ್ತಾರೆ."

"ಅವರ ಪಕ್ಕದಲ್ಲೇ ಕೂತು ಓದಬಹುದಿತ್ತಲ್ಲ?"

"ಗುಟ್ಟಿನ ಕಾಗದ. ಹೆಂಡತಿ ನೆರಳೂ ಬೀಳಬಾರದು ಅಂತ ಚಿಲಕ ಹಾಕಿಕೊಂಡು ಕೂರೋ ಮನುಷ್ಯ. ಅದಕ್ಕೇ ಮಲಗೋ ಕೋಣೆಯ ಚಿಕ್ಕ ಟೀವೀಲಿ ಓದ್ತಿದ್ದೆ. ತಪ್ಪು ಕಂಡ ತಕ್ಷಣ, ಅವರು ಅದನ್ನ ಕಳಿಸೋಕೆ ಮೊದಲು, 'ರೀ, ಚಹಾ ಆರ್ತಾ ಇದೆ' ಅಂತ ಕೂಗೋದು. ಅವರು ಈ ಕಡೆ ಬಂದ್ರೆ ನಾನು ಆ ಕಡೆಯಿಂದ ಹೋಗಿ ತಿದ್ದಿ ಬರೋದು. ಈಚೆಗೆ ಚಹಾ ಜಾಸ್ತಿ ಆಯ್ತು ಕಣೇ ಅಂತ ನಗ್ತಿದ್ರು. ಅಕ್ಷರ ಮತ್ತೆ ತೂರಾಡ್ತಿವೆ ಅಂದಾಗ ಕಣ್ಣಿನದೇ ಆಯಾಸ ಅಂದುಬಿಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಅವರ ಮಾನ ಕಾಯೋಕೆ ಹೋಗಿ ಅವರ ತಲೆಗೇ ಚಪ್ಪಡಿ ಎಳೆದುಬಿಟ್ಟೆ."

ಟೀವಿಯಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಕೋಪ ಇನ್ನೂ ಇತ್ತು. ಆದರೆ ಎಲ್ಲಿ ಇಡಬೇಕು ಅಂತ ತಿಳಿಯಲಿಲ್ಲ.

"ಈ ಟೀವಿ ಎಳೆದು ನೀವೊಬ್ರೇ ಸಿಕ್ಕಿಸೋಕೆ ಆಗಲ್ಲ. ಯಾರು ಹಾಕಿಕೊಟ್ಟಿದ್ದು?"

"ತಮ್ಮ. ಅವನಿಗೆ ಇದೆಲ್ಲ ಬರುತ್ತೆ. ಅವನೇ ತಂದ."

"ಹಿಡಿಯೋ ಡಬ್ಬಿ ಎಷ್ಟು ಬಂದಿತ್ತು?"

"ಎರಡು. ಇನ್ನೊಂದು ಹೆಚ್ಚಿಗೆ ಬಂದಿದೆ, ಇರಲಿ ಅಂತ ಅವನೇ ಇಟ್ಕೊಂಡ." ಮೇಷ್ಟ್ರಮ್ಮ ಅವಳ ಕೈ ಹಿಡಿದುಕೊಂಡರು. "ಅವನು ಕೆಟ್ಟವನಲ್ಲ ಕಣೇ. ಭಾವ ಅಂದ್ರೆ ಪ್ರಾಣ. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಯಾವುದೋ ಗಾಡಿ ಕೇಸು ಅಂತ ಈ ಇನ್ಸ್‌ಪೆಕ್ಟರೇ ಹೋದ ತಿಂಗಳು ಅವನನ್ನ ಮೂರು ಸಲ ಸ್ಟೇಶನ್ನಿಗೆ ಕರೆಸಿದ್ರು. ಆಮೇಲಿಂದ ಊಟ ಸರಿಯಾಗಿ ಮಾಡ್ತಿಲ್ಲ."

"ಈಗ ಎಲ್ಲಿದಾರೆ ಅವರು?"

"ಆಸ್ಪತ್ರೇಲಿ. ಮೂರು ಗಂಟೆಗೆ ಅವನು ಬಂದ, ನಾನು ಎದ್ದು ಬಂದೆ. ಭಾವನ ಮಂಚ ಬಿಟ್ಟು ಅಲ್ಲಾಡಲ್ಲ."

"ಹಾಗಾದ್ರೆ ಆ ರೂಮಿನಲ್ಲಿ?"

"ಬೀಗ ಹಾಕಿದೆ. ಯಾರೂ ಇಲ್ಲ."

ಇಬ್ಬರೂ ಕಿಟಕಿಯಾಚೆ ನೋಡಿದರು. ಈ ಕೋಣೆಯ ಪರದೆಯ ಮೇಲೆ ಬಿಳಿ ಹಾಳೆ ಹಾಗೇ ನಿಂತಿತ್ತು. ಎದುರಿನ ನೀಲಿ ಬಟ್ಟೆಯೂ ಹಾಗೇ ಬೆಳಗುತ್ತಿತ್ತು. ಆ ಬೆಳಕಿನ ಮುಂದೆ ಒಂದು ನೆರಳು ಎದ್ದು ನಿಂತಿತು. ಅಗಲ ಭುಜದ, ಟೋಪಿ ಇಟ್ಟ ನೆರಳು. ಅದು ಬಗ್ಗಿತು. ಏನನ್ನೋ ಹಿಡಿದು ಎಳೆದಂತೆ ಕಂಡಿತು.

ಕಿಟಕಿ ಆರಿಹೋಯಿತು.

ಟೀವಿಯಕ್ಕ ಕಪ್ಪು ಒತ್ತಿದಳು, ಬಿಳಿ ಒತ್ತಿದಳು, ಮತ್ತೆ ಒತ್ತಿದಳು. ಎದುರಿಗೆ ಏನೂ ಬೆಳಗಲಿಲ್ಲ.

"ಆ ರೂಮಿನ ಕೀ ಎಷ್ಟಿದೆ ಅಮ್ಮಾ?"

"ಎರಡು. ಒಂದು ತಮ್ಮನ ಹತ್ರ." ಮೇಷ್ಟ್ರಮ್ಮ ಸೊಂಟದ ಕಡೆ ಕೈ ಒಯ್ದರು, ಕೀಗೊಂಚಲು ಅಲ್ಲಿರಲಿಲ್ಲ. "ಇನ್ನೊಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಇಸ್ಕೊಂಡ್ರು. ಮನೆ ಕೀಗಳೆಲ್ಲ ಬೇಕು, ತಪಾಸಣೆಗೆ ಅಂತ."

ಒಂದೊಂದೇ ಮಾತು ಟೀವಿಯಕ್ಕನ ತಲೆಯಲ್ಲಿ ತಿರುಗಿತು. ನಮ್ಮ ವರದಿ ಇನ್ನೂ ಹೋಗಿಲ್ಲ. ಮೂರು ದಿನವಾದರೂ ಯಾಕೆ ಹೋಗಿಲ್ಲ? ಹೋಗಿದ್ದರೆ ಗುಮಾಸ್ತ ಹೊಸ ವಿಳಾಸವನ್ನು ಈ ಕಂಪ್ಯೂಟರಿಗೆ ಕಳಿಸುತ್ತಲೇ ಇರಲಿಲ್ಲ. ಆ ಪತ್ರ ಅವರಿಗೆ ಅಕಸ್ಮಾತ್ ಕಂಡದ್ದಲ್ಲ. ಅದಕ್ಕಾಗಿಯೇ ಕಾದು ಕೂತಿದ್ದರು. ತಮ್ಮನನ್ನು ಮೂರು ಸಲ ಸ್ಟೇಶನ್ನಿಗೆ ಕರೆಸಿದ್ದೂ ಗಾಡಿಗಾಗಿ ಅಲ್ಲ.

"ನಿಮ್ಮ ಫೋನ್ ಎಲ್ಲಿ?"

"ಅದನ್ನೂ ಬೆಳಿಗ್ಗೆಯೇ ಜಪ್ತಿ ಮಾಡಿದ್ರು. ನಿನ್ನದು?"

ಅವಳು ಬಾಗಿಲ ಕಡೆ ಓಡಿ ನಡುಮನೆ ದಾಟಿ ಹೊರಬಾಗಿಲಿನ ಹಿಡಿಗೆ ಕೈ ಹಾಕುವುದಕ್ಕೂ ಆಚೆ ಕಡೆ ಬೂಟಿನ ಸದ್ದು ನಿಲ್ಲುವುದಕ್ಕೂ ಸರಿಹೋಯಿತು. ಬಾಗಿಲಿನ ಆಚೆ ಯಾರೋ ಉಸಿರಾಡುತ್ತಿದ್ದರು. ಏದುಸಿರು, ಮೆಟ್ಟಿಲು ಇಳಿದು ಬಂದವರದು.

"ಸಾರ್?"

ಹೊರಗಿನ ಚಿಲಕ ನಿಧಾನವಾಗಿ ಸರಿದು ಕೂತಿತು. ಬೂಟಿನ ಸದ್ದು ಅವಸರ ಇಲ್ಲದೆ ಕೆಳಗಿಳಿಯಿತು.

ಅವಳು ಬಾಗಿಲು ಬಡಿದಳು, ಕೂಗಿದಳು. ಪಕ್ಕದ ಮನೆಯವರು ಕೆಲಸದಿಂದ ಬರುವುದು ಏಳಕ್ಕೆ. ಕೂಗು ಮೆಟ್ಟಿಲಲ್ಲಿ ಉರುಳಿ ಹೋಯಿತಷ್ಟೆ.

"ಬಾಗಿಲು ಬಿಡು, ಇಲ್ಲಿ ಬಾ!" ಒಳಗಿನಿಂದ ಮೇಷ್ಟ್ರಮ್ಮ ಕರೆದರು. ಅವರು ಆಗಲೇ ಗಂಡನ ಕುರ್ಚಿಯಲ್ಲಿ ಕೂತಿದ್ದರು. "ಫೋನ್ ಕಿತ್ತುಕೊಂಡವನಿಗೆ ಇದು ನೆನಪಾ­ಗಲಿಲ್ಲ. ಗುಮಾಸ್ತನಿಗೆ ಇಲ್ಲಿಂದಲೇ ಬರೀಬಹುದು. ಆದ್ರೆ ಆ ಪತ್ರ ಅಳಿಸಿಬಿಟ್ಟಿದಾನಲ್ಲ?"

"ಅಳಿಸಿದ್ದೆಲ್ಲ ಕಸದಬುಟ್ಟಿಗೆ ಹೋಗುತ್ತೆ ಅಮ್ಮಾ. ಬುಟ್ಟಿ ಖಾಲಿ ಮಾಡೋವಷ್ಟು ಪುರುಸೊತ್ತು ಅವರಿಗಿರಲಿಲ್ಲ."

ಟೀವಿಯಕ್ಕ ಮೊದಲು ಟೀವಿಯ ಹಿಂದೆ ಕೈ ಹಾಕಿ ಆ ಹಾಳು ಡಬ್ಬಿಯನ್ನು ಕಿತ್ತಳು. ತನ್ನ ಕೇಬಲ್ಲನ್ನು ನೇರವಾಗಿ ಪೋರ್ಟಿಗೆ ತಳ್ಳಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು, ಅರವತ್ತಕ್ಕೇ ಬಂತು. ಬಾಣ ಬೆರಳಿನ ಜೊತೆ ಬೆರಳಾಗಿ ಓಡಿತು. ಈಗ ಇದನ್ನು ನೋಡುವವರು ಅವರಿಬ್ಬರೇ.

ಬುಟ್ಟಿಯಲ್ಲಿ ಪತ್ರ ಇತ್ತು. ವಿಳಾಸ ಜೀಪಿನಲ್ಲಿ ಅರ್ಧ ಗಂಟೆಯ ದಾರಿ.

"ಅವರ ಹೆಸರು ಬರೆದುಬಿಡಿ ಅಮ್ಮಾ, ಇನ್ಸ್‌ಪೆಕ್ಟರ್ ಅಂತ."

"ತಾಳು. ನಾವು ನೋಡಿದ್ದು ನೆರಳು. ಪೊಲೀಸರ ಮೇಲೆ ಆರೋಪ ಅಂದ ಕೂಡಲೇ ಅವನು ಮೇಲಿನವರನ್ನ ಕೇಳೋಣ ಅಂತ ಕೂತುಬಿಡ್ತಾನೆ. ಮೊದಲು ಆಕೆ ಅಲ್ಲಿಂದ ಹೊರಡಲಿ." ಮೂವತ್ತು ವರ್ಷ ಪದ ತೂಗಿದ ಬೆರಳುಗಳು ಬಡಬಡ ಓಡಿದವು: 'ವಿಳಾಸ ಬಯಲಾಗಿದೆ. ಸಾಕ್ಷಿಯನ್ನು ಈ ಕ್ಷಣವೇ ಬೇರೆಡೆ ಸಾಗಿಸಿ.'

ಹೋಯಿತು.

ಒಂದು ನಿಮಿಷ. ಎರಡು. ಮೇಷ್ಟ್ರಮ್ಮ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿದ್ದರು. ಕೆಳಗೆ ಬೀದಿಯಲ್ಲಿ ಜೀಪು ಕೆಮ್ಮಿ, ಹೊತ್ತಿಕೊಂಡು, ಹೊರಟುಹೋದ ಸದ್ದು ಕೇಳಿಸಿತು.

ಉತ್ತರ ಬಂತು. ಗುಮಾಸ್ತ ಅಚ್ಚುಕಟ್ಟಿನ ಮನುಷ್ಯನಿರಬೇಕು.

'ಮಾನ್ಯರೇ, ಗಾಬರಿ ಬೇಡ. ಇನ್ಸ್‌ಪೆಕ್ಟರ್ ಅವರು ಹತ್ತು ನಿಮಿಷದ ಹಿಂದೆಯೇ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದ್ದಾರೆ. ಸಾಕ್ಷಿಯನ್ನು ಕರೆದೊಯ್ಯಲು ಅವರೇ ಖುದ್ದಾಗಿ ಬರುತ್ತಿದ್ದಾರೆ. ಅವರ ಸೂಚನೆಯಂತೆ ನಮ್ಮ ಕಾವಲಿನವರನ್ನು ವಾಪಸ್ ಕರೆಸಿದ್ದೇವೆ. ಸಾಕ್ಷಿ ಗೇಟಿನ ಬಳಿ ಅವರ ಜೀಪಿಗಾಗಿ ಕಾಯುತ್ತಿರುತ್ತಾರೆ.'

"ಅಯ್ಯೋ!" ಮೇಷ್ಟ್ರಮ್ಮನ ಕೈ ಕೀಲಿಮಣೆಯ ಮೇಲೆ ಹೆಪ್ಪುಗಟ್ಟಿತು.

ಟೀವಿಯಕ್ಕ ಅವರನ್ನು ಪಕ್ಕಕ್ಕೆ ಸರಿಸಿ ತಾನೇ ಹೊಡೆದಳು. ಒಂದು ಬೆರಳಿನಲ್ಲಿ, ತಪ್ಪು ಒಪ್ಪು ನೋಡದೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ: 'ಅವರ ಜೊತೆ ಕಳಿಸಬೇಡಿ. ಕೊಲ್ಲುತಾರೆ. ಅವರೇ ಕಳ್ಳ.'

ಕಳಿಸಿದಳು. ಗೋಡೆಯ ಗಡಿಯಾರದ ಮುಳ್ಳು ಐದನ್ನು ದಾಟಿ ಒಂದು ಗೆರೆ ಮುಂದೆ ನಿಂತಿತ್ತು.

ಈ ಸಲ ಉತ್ತರಕ್ಕೆ ಕಾಯಬೇಕಾಗಲಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಬಂದು, ಗೋಡೆಯ ಅರ್ಧದಷ್ಟು ದೊಡ್ಡದಾಗಿ ನಿಂತಿತು.

'ಕಚೇರಿಯ ವೇಳೆ ಮುಗಿದಿದೆ. ತಮ್ಮ ಪತ್ರವನ್ನು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪರಿಶೀಲಿಸಲಾಗುವುದು.'